ಕೊಯ್ದ ಮೇಜು

"ಮೇಜು ತಗೊಂಡು ಹೋಗಮ್ಮ, ಬೇಡ ಅನ್ನಲ್ಲ. ಆದರೆ ಆ ಮೊಳೆ ಮಾತ್ರ ಕೀಳಬೇಡ."

ಮುದುಕಿ ಎರಡು ಸಲ ಹೇಳಿದಳು. ದನಿಯಲ್ಲಿ ಹೆದರಿಕೆಯಿಲ್ಲ, ಬೇಡಿಕೊಳ್ಳುವ ಧಾಟಿಯೂ ಇಲ್ಲ. ನಾಳೆ ಹಾಲು ಬೇಡ ಎಂದು ಹಾಲಿನವನಿಗೆ ಹೇಳುವಷ್ಟೇ ತಣ್ಣಗಿತ್ತು ಮಾತು.

ಹಳೆ ಸಾಮಾನು ಕೊಳ್ಳಲು ಬಂದಿದ್ದ ಕಿಡಿಗೆ ನಗು ತಡೆಯಲಾಗಲಿಲ್ಲ. "ಕಿತ್ತರೆ ಏನಾಗುತ್ತೆ ಅಜ್ಜಿ? ಮೇಜು ಎದ್ದು ಓಡಿಹೋಗುತ್ತಾ? ನಾಲ್ಕು ಕಾಲಿದ್ದರೆ ಓಡಬಹುದಿತ್ತು. ಪಾಪ, ಇದಕ್ಕೆ ಇರೋದೇ ಎರಡು."

ನಿಜಕ್ಕೂ ಎರಡೇ ಕಾಲು. ಎಂಟು ಜನ ಕೂತು ಉಣ್ಣುವ ದೊಡ್ಡ ಮೇಜನ್ನು ಯಾರೋ ನಟ್ಟನಡುವೆ ಗರಗಸದಲ್ಲಿ ಕೊಯ್ದಿದ್ದರು. ಕೊಯ್ದ ಬದಿಯನ್ನು ಗೋಡೆಗೆ ಆನಿಸಿ ನಿಲ್ಲಿಸಿತ್ತು. ಆ ಬದಿಯ ಸರಿ ಮಧ್ಯಕ್ಕೆ ಹೆಬ್ಬೆರಳು ಗಾತ್ರದ ತಾಮ್ರದ ಮೊಳೆ. ಅದರ ಸುತ್ತ ಮರ ಹಸಿರುಗಟ್ಟಿ, ಹುಣ್ಣಿನ ಅಂಚಿನಂತೆ ಉಬ್ಬಿತ್ತು.

"ಉಳಿದರ್ಧ ಎದುರು ಮನೇಲಿದೆ," ಎಂದಳು ಮುದುಕಿ, ಎದುರು ಮನೆಯ ಕಡೆ ನೋಡದೆ. "ನನ್ನ ಓರಗಿತ್ತಿ ಮನೆ. ಹೋದ ತಿಂಗಳು ತೀರಿಕೊಂಡಳು. ಮಗ ಸಾಮಾನೆಲ್ಲ ಮಾರ್ತಿದ್ದಾನೆ. ಅದಕ್ಕೂ ಇಂಥದ್ದೇ ಮೊಳೆ ಇದೆ. ಅದನ್ನೂ ಕೀಳಬೇಡ."

ಕಿಡಿ ಆ ಮಧ್ಯಾಹ್ನವೇ ರಸ್ತೆ ದಾಟಿ ಉಳಿದರ್ಧವನ್ನೂ ಕೊಂಡಳು.

ಕಿಡಿ ಎಂದು ಹೆಸರಿಟ್ಟವಳು ಅಕ್ಕ. ತಾಯಿ ಹೋದಾಗ ಅಕ್ಕನಿಗೆ ಹದಿನೇಳು, ಇವಳಿಗೆ ಏಳು. ಅಕ್ಕ ಇವಳ ತಲೆ ಬಾಚುವಾಗ ಬಾಚಣಿಗೆ ಸಿಕ್ಕಿಕೊಂಡರೆ ಸಾಕು, ಹುಡುಗಿ ಅಕ್ಕನ ಕೈ ಕಚ್ಚುತ್ತಿದ್ದಳಂತೆ. ದೊಡ್ಡವಳಾದ ಮೇಲೆ ಹಲ್ಲಿನ ಕೆಲಸವನ್ನು ನಾಲಿಗೆ ವಹಿಸಿಕೊಂಡಿತು. ಆರು ತಿಂಗಳ ಕೆಳಗೆ ಆಫೀಸಿನಲ್ಲಿ ಮೇಲಿನವನ ಮುಖಕ್ಕೇ ನಾಲ್ಕು ಮಾತು ಹೇಳಿ, ಕೆಲಸ ಕಳೆದುಕೊಂಡು ಬಂದಳು. ಅಕ್ಕ ಬೈಯದೆ ತನ್ನ ಅಂಗಡಿಯ ಇನ್ನೊಂದು ಬೀಗದಕೈ ಅವಳ ಅಂಗೈಗಿಟ್ಟಳು.

ಹಳೆ ಮನೆಸಾಮಾನಿನ ಅಂಗಡಿ. ಖಾಲಿಯಾಗುವ ಮನೆಗಳಿಂದ ಗಡಿಯಾರ, ಇಸ್ತ್ರಿಪೆಟ್ಟಿಗೆ, ಕಪಾಟು, ದೀಪದ ಬುರುಡೆ ತಂದು, ತೊಳೆದು, ಉಜ್ಜಿ, ಮುರಿದದ್ದನ್ನು ಕೂಡಿಸಿ ಮಾರುವ ಕಸುಬು. ಅಕ್ಕನದು ಒಂದೇ ಕಟ್ಟುನಿಟ್ಟು: ಕೊಟ್ಟ ಮನೆಯವರು ಏನಾದರೂ ಬೇಡ ಅಂದರೆ ಬೇಡ. ಯಾಕೆ ಅಂತ ಕೇಳುವ ಹಾಗಿಲ್ಲ.

ಆದರೆ ಎರಡು ಅರ್ಧಗಳನ್ನು ಅಂಗಡಿಯ ನಡುವೆ ಎದುರುಬದುರು ಇಟ್ಟಾಗ ಅಕ್ಕನ ಕಣ್ಣೂ ಅರಳಿತು. ಅಂಥ ಮರ ಈಗ ಎಲ್ಲಿ ಸಿಗಬೇಕು? ಮರದ ಗೆರೆಗಳು ಈ ತುಂಡಿನಿಂದ ಆ ತುಂಡಿಗೆ ನದಿಯ ಹಾಗೆ ಹರಿದಿದ್ದವು. ಅಡ್ಡ ಬಂದದ್ದು ಮೊಳೆಗಳು. ಕೊಯ್ದ ಬದಿಯನ್ನು ಸಪಾಟಾಗಿ ಹೆರೆದು, ತೂತು ಕೊರೆದು, ಮರದ ಬೆಣೆ ಕೂರಿಸಿ, ಅಂಟು ಹಾಕಿ ಬಿಗಿಯಬೇಕು. ಮೊಳೆ ಇದ್ದರೆ ಆಗದು.

ಅಂಗಡಿಗೆ ಖಾಯಂ ಬರುವ ಬಡಗಿ ಮಾಮ ಮೇಜಿನ ಮೇಲೆ ಕೈಯಾಡಿಸುತ್ತ ಬಂದವನು ಮೊಳೆಯ ಹತ್ತಿರ ಬೆರಳು ಸುಟ್ಟವನ ಹಾಗೆ ಕೈ ಎಳೆದುಕೊಂಡ.

"ಇದು ನಮ್ಮಪ್ಪ ಹೊಡೆದ ಮೊಳೆ."

"ಒಳ್ಳೇದಾಯ್ತಲ್ಲ ಮಾಮ, ನೀನೇ ಕೀಳು. ನಿಮ್ಮ ಮನೆ ಸೊತ್ತು ನಿಮಗೇ ಬಂತು," ಎಂದಳು ಕಿಡಿ.

"ತಮಾಷೆ ಬೇಡ. ಆ ಎರಡು ಮನೆಯವರು ಮೊದಲು ಒಂದೇ ಮನೇಲಿದ್ದರು. ಓರಗಿತ್ತಿಯರ ಜಗಳಕ್ಕೆ ಅಣ್ಣತಮ್ಮ ಸೇರಿ ಊಟದ ಮೇಜು ಕೊಯ್ದರು, ತಟ್ಟೆ ಮೇಲಿರುವಾಗಲೇ. ಅಷ್ಟಕ್ಕೂ ಸಿಟ್ಟು ಇಳೀಲಿಲ್ಲ. ಆ ಹೆಣ್ಣುಮಕ್ಕಳು ಅದೇ ಗರಗಸ ಎತ್ತಿಕೊಂಡು ಒಬ್ಬರ ಮೇಲೊಬ್ಬರು ಬಿದ್ದರು. ಅತ್ತೆಯಾದವಳು ಓಡಿ ಬಂದು ನಮ್ಮಪ್ಪನ ಕಾಲು ಹಿಡಿದಳು. ಅವನಿಗೆ ಮಾಟದ ಕಟ್ಟು ಗೊತ್ತಿತ್ತು. ಇಬ್ಬರ ಕೂದಲೂ ಹೆಣೆದು, ಎರಡು ಮೊಳೆಗೆ ಸುತ್ತಿ, ಅರ್ಧಕ್ಕೊಂದರಂತೆ ಹೊಡೆದ. ಸಿಟ್ಟು ಮರದೊಳಗೆ ಇಳೀತು. ನಲವತ್ತು ವರ್ಷದಿಂದ ಅಲ್ಲೇ ಕೂತಿದೆ."

"ನಲವತ್ತು ವರ್ಷ ಕೂತಿದ್ದರೆ ಕಾಲು ಜೋಮು ಹಿಡಿದಿರುತ್ತೆ ಬಿಡು."

ಬಡಗಿ ಮಾಮ ಅಕ್ಕನ ಮುಖ ನೋಡಿದ. ಅಕ್ಕ ಮೇಜು ನೋಡಿದಳು. ಅವನು ಚೀಲ ಹೆಗಲಿಗೇರಿಸಿ ಹೊರಟೇಬಿಟ್ಟ.

"ಬಿಟ್ಟುಬಿಡೋಣ ಕಣೇ," ಎಂದಳು ಅಕ್ಕ. ಬಾಯಲ್ಲಿ ಹಾಗೆಂದರೂ ಕೈ ಮರದ ಗೆರೆ ಸವರುತ್ತಲೇ ಇತ್ತು. ಕಿಡಿಗೆ ಅಷ್ಟು ಸಾಕಾಯಿತು. ಒಂದು ಇಕ್ಕಳ ತಾನು ಹಿಡಿದು, ಇನ್ನೊಂದನ್ನು ಅಕ್ಕನ ಕೈಗೆ ತುರುಕಿದಳು. "ನಿನಗೊಂದು, ನನಗೊಂದು. ದೆವ್ವ ಬಂದರೂ ಸಮಪಾಲು."

ಕಿರ್ರ್... ಎಂದು ಎಳೆದು ಬಂದವು ಎರಡೂ ಮೊಳೆ, ಹಲ್ಲು ಜುಮ್ಮೆನ್ನುವ ಹಾಗೆ. ಅವುಗಳ ಹಿಂದೆಯೇ ಸುಟ್ಟ ಕೂದಲಿನ ವಾಸನೆ, ಹುಳಿಯಾದ ಹಾಲಿನ ವಾಸನೆ. ಮೊಳೆಗೆ ಸುತ್ತಿದ್ದ ಕೂದಲು ನಿನ್ನೆ ತಲೆಯಿಂದ ಕಿತ್ತಷ್ಟು ಕಪ್ಪಗಿತ್ತು. ಮುಟ್ಟಿದರೆ ಬೆಚ್ಚಗಿತ್ತು. ಕಿಡಿ ಅದನ್ನು ಹಳೆ ಡಬ್ಬಕ್ಕೆ ಎಸೆದು, ಕೈ ಲಂಗಕ್ಕೆ ಒರೆಸಿಕೊಂಡಳು.

ಸಂಜೆಯೊಳಗೆ ಮೇಜು ಒಂದಾಯಿತು.

ಮರುದಿನ ಬೆಳಿಗ್ಗೆ ಅಕ್ಕ ಪಿಂಗಾಣಿ ಬಟ್ಟಲುಗಳನ್ನು ತೊಳೆದು ಬೋರಲು ಹಾಕಿದ್ದಳು. ಕಿಡಿ ಅವನ್ನು ನೆಟ್ಟಗೆ ತಿರುಗಿಸಿದಳು. ಅಕ್ಕ ಮತ್ತೆ ಬೋರಲು ಹಾಕಿದಳು. ಇಷ್ಟೇ. ಇಷ್ಟಕ್ಕೆ ಕಿಡಿಯ ಕಿವಿ ಕಾದು, ಹಣೆಯ ನರ ಪಟಪಟ ಬಡಿಯಿತು. ಅವಳಿಗೆ ಸಿಟ್ಟು ಹೊಸದಲ್ಲ. ಅವಳ ಸಿಟ್ಟು ಭಗ್ಗೆಂದು ಹತ್ತಿ ಬುಸ್ಸೆಂದು ಆರುವಂಥದ್ದು. ಇದು ಆರಲಿಲ್ಲ. ಬೂದಿಯೊಳಗಿನ ಕೆಂಡದಂತೆ ಹೊಟ್ಟೆಯಲ್ಲಿ ಕೂತಿತು.

ಮಟಮಟ ಮಧ್ಯಾಹ್ನಕ್ಕೆ ಅಂಗಡಿಯಲ್ಲಿ ಗರಗಸದ ಸದ್ದು. ಪಕ್ಕದವರದಿರಬೇಕು ಎಂದುಕೊಂಡಳು. ಪಕ್ಕದ ಅಂಗಡಿಗೆ ವಾರದಿಂದ ಬೀಗ.

ಎರಡನೆಯ ದಿನ ಕೂಡಿಸಿದ ಗೆರೆ ಬೆವರಿತು. ಒರೆಸಿದರೆ ಬಟ್ಟೆಯ ತುಂಬ ಹಸಿ ಮರದ ಹೊಟ್ಟು. ಅಕ್ಕ ಅದನ್ನು ನೋಡಿ, "ಎಲ್ಲ ನಿನ್ನಿಂದ," ಎಂದಳು. ಇಪ್ಪತ್ತೈದು ವರ್ಷದಲ್ಲಿ ಅಕ್ಕ ಆಡದ ಮಾತು.

"ನನ್ನಿಂದಲಾ? ಇಕ್ಕಳ ಹಿಡಿದ ಇನ್ನೊಂದು ಕೈ ಯಾರದು?"

"ನೀನು ಯಾವತ್ತು ತಪ್ಪು ಒಪ್ಪಿಕೊಂಡಿದ್ದೀಯ? ಬಂದ ದಿನದಿಂದ ನೋಡ್ತಿದ್ದೀನಿ. ನಿನ್ನ ಮಕ್ಕಳ ಲೋಟಕ್ಕೆ ಕೆನೆ, ನನ್ನ ಮಕ್ಕಳ ಲೋಟಕ್ಕೆ ನೀರು!"

ಅಂಗಡಿಯ ಗಡಿಯಾರಗಳೆಲ್ಲ ಟಿಕ್ ಟಿಕ್ ಎನ್ನುತ್ತಿದ್ದವು. ಅಕ್ಕತಂಗಿಯರು ಒಬ್ಬರ ಮುಖ ಒಬ್ಬರು ನೋಡಿದರು. ಇಬ್ಬರಿಗೂ ಮಕ್ಕಳಿಲ್ಲ. ಅಕ್ಕ ಮದುವೆಯನ್ನೇ ಆಗಿರಲಿಲ್ಲ.

"ಅಕ್ಕಾ... ಏನಂದೆ ನೀನು?"

ಅಕ್ಕ ತುಟಿಗೆ ಕೈ ಅಡ್ಡ ಇಟ್ಟುಕೊಂಡಳು. ಆಗ ಅಂಗಡಿಗೆ ಬೀಗ ಹಾಕಿ, ಬಡಗಿ ಮಾಮನ ಮನೆಗೆ ಓಡಿದ್ದರೆ ಸಾಕಿತ್ತು. ಆದರೆ ಹೋಗೋಣ ಎಂದು ಮೊದಲು ಹೇಳಿದವಳು ಸೋತಂತೆ. ಸೋಲಲು ಇಬ್ಬರಿಗೂ ಮನಸ್ಸಿರಲಿಲ್ಲ.

ಮೂರನೆಯ ದಿನ, ಅದೇ ಮಧ್ಯಾಹ್ನ, ಬಾಗಿಲಿನ ಶಟರ್ ತಾನಾಗಿ ದಡದಡ ಇಳಿದು ನೆಲಕ್ಕೆ ಬಡಿಯಿತು. ಹೊರಗೆ ಸುಡುಬಿಸಿಲು, ಒಳಗೆ ಗವ್ವೆನ್ನುವ ಕತ್ತಲೆ. ಹುಳಿ ಹಾಲಿನ ವಾಸನೆ ಮೂಗಿಗೆ ಅಡರಿತು. ಗಡಿಯಾರಗಳು ಒಮ್ಮೆಲೇ ನಿಂತವು. ಕತ್ತಲೆಯಲ್ಲಿ ತಟ್ಟೆಗಳ ಸದ್ದು. ಎಂಟು ತಟ್ಟೆ. ಮೇಜಿನ ಮೇಲೆ ಒಂದೂ ತಟ್ಟೆ ಇರಲಿಲ್ಲ.

"ನನ್ನ ಮನೆಯಿಂದ ಹೊರಗೆ ಹೋಗು," ಎಂದಳು ಅಕ್ಕ. ದನಿ ಅಕ್ಕನದು. ಮಾತು ಅಕ್ಕನದಲ್ಲ.

"ಇದು ನನ್ನ ಮನೆ. ನಿನ್ನ ಪಾಲಿನದು ಕೊಯ್ದು ಕೊಡ್ತೀನಿ, ತಗೊಂಡು ಹೋಗು."

ಹಾಗೆಂದವಳು ತಾನೇ ಎಂದು ಕಿಡಿಗೆ ಗೊತ್ತಾದದ್ದು ಆಮೇಲೆ. ಕೈಯಲ್ಲಿ ಗರಗಸವಿತ್ತು. ಯಾವಾಗ ಎತ್ತಿಕೊಂಡಳು? ಗೊತ್ತಿಲ್ಲ. ಅಕ್ಕನ ಕೈ ಅವಳ ಜುಟ್ಟು ಹಿಡಿದಿತ್ತು. ಎಳೆಯಿತು. ಕೂದಲು ಕಿತ್ತು ಬಂತು. ಅಕ್ಕನ ತಲೆ ಮೇಜಿಗೆ ಬಡಿಯಿತು. ಅಕ್ಕನ ಎಡಗೈ ಮೇಜಿನ ಮೇಲೆ ಚಾಚಿತು. ಸರಿಯಾಗಿ ಆ ಗೆರೆಯ ಮೇಲೆ. ಕಿಡಿ ಅದನ್ನು ಮೊಣಕೈಯಿಂದ ಒತ್ತಿ ಹಿಡಿದಳು. ಗರಗಸ ಇಟ್ಟಳು. ಎಳೆದಳು. ಮೆತ್ತಗೆ ಹೋಯಿತು. ಆಮೇಲೆ ಗಟ್ಟಿ. ಅಕ್ಕ ಕಿರುಚಲಿಲ್ಲ. ನಕ್ಕಳು. ಕಿಡಿಯೂ ನಕ್ಕಳು. ಅಯ್ಯೋ, ಎಷ್ಟು ಹಿತವಾಗಿತ್ತು ಆ ಸಿಟ್ಟು! ಇನ್ನೊಂದು ಎಳೆತ. ಇನ್ನೊಂದೇ ಒಂದು.

ಶಟರ್ ಮೇಲೆ ಹಾರೆಯ ಏಟು ಬಿತ್ತು. ಬೆಳಕು ಒಳಗೆ ನುಗ್ಗಿತು.

ಬಡಗಿ ಮಾಮ ಅವಳ ಕೈಯಿಂದ ಗರಗಸ ಕಿತ್ತೆಸೆದ. ಅವನ ಹಿಂದೆ ಮುದುಕಿ ನಿಂತಿದ್ದಳು. ಅತ್ತೂ ಅತ್ತೂ ಮುಖ ಗುರುತು ಸಿಗದ ಹಾಗೆ ಊದಿತ್ತು.

"ನಾನೇ ಕರಕೊಂಡು ಬಂದೆ ಇವನನ್ನ," ಎಂದಳು. "ಮೊಳೆ ಬಂದ ಗಳಿಗೆಯಿಂದ ಅಳ್ತಿದ್ದೀನಿ. ನನ್ನ ಓರಗಿತ್ತಿ ಹೆಣ ಎದುರು ಮನೆಯಿಂದ ಹೊರಟಾಗ ನಾನು ಕಿಟಕಿ ಒರೆಸ್ತಿದ್ದೆ. ಒರೆಸೋದು ನಿಲ್ಲಿಸಲಿಲ್ಲ ಕಣಮ್ಮ. ಆ ಜಗಳಕ್ಕೆ ಮೊದಲು ಅವಳೂ ನಾನೂ ಒಂದೇ ತಟ್ಟೇಲಿ ಉಂಡವರು. ಕಟ್ಟು ಸಿಟ್ಟನ್ನಷ್ಟೇ ತಗೊಳ್ಳಲ್ಲ, ಪ್ರೀತೀನೂ ತಗೊಳ್ಳುತ್ತೆ. ಕಿತ್ತರೆ ಸಿಟ್ಟು ಕಿತ್ತ ಕೈಗೆ ಹೋಗುತ್ತೆ. ಪ್ರೀತಿ ಕೂದಲು ಯಾರದೋ ಅವರಿಗೆ ವಾಪಸು ಬರುತ್ತೆ. ನಾನೇ ಕಿತ್ತಿದ್ದರೆ ಸತ್ತವಳ ಮೇಲೆ ಮತ್ತೆ ಸಿಟ್ಟೇ. ಹೇಗೆ ಅಳಲಿ? ಬಾಗಿಲಲ್ಲಿ ನಿನ್ನ ನಗು ಕೇಳಿದೆ. ಬೇಡ ಅಂದದ್ದನ್ನೇ ಮಾಡುವವಳು ಸಿಕ್ಕಳು ಅಂದುಕೊಂಡೆ."

"ನಿನ್ನ ಅಳುವಿಗೆ ನಮ್ಮ ಮನೆಯೇ ಬೇಕಿತ್ತೇನೇ ಮುದುಕಿ?" ಕಿಡಿ ಹೊಸ್ತಿಲ ತನಕ ಹಾರಿದಳು. ಬಡಗಿ ಮಾಮ ತಡೆದ. ಅಷ್ಟರಲ್ಲಿ ಹಿಂದೆ ಸರಕ್ಕೆಂದು ಸದ್ದಾಯಿತು. ಎಡಗೈಯಿಂದ ರಕ್ತ ಸುರಿಯುತ್ತಿದ್ದ ಅಕ್ಕ, ಬಲಗೈ ಚಾಚಿ, ನೆಲದ ಮೇಲಿನ ಗರಗಸದ ಕಡೆ ತೆವಳುತ್ತಿದ್ದಳು. ಕಣ್ಣಲ್ಲಿ ನೀರು, ತುಟಿಯಲ್ಲಿ ಆ ನಗು.

"ಮಾಮ," ಎಂದಳು ಕಿಡಿ, "ಕಟ್ಟು ನಿನಗೂ ಗೊತ್ತಾ?"

"ಗೊತ್ತು. ಅಜ್ಜಿ ಹೇಳಿದ್ದು ಕೇಳಿಸಿತಲ್ಲ? ಅಕ್ಕ ಹೋಗ್ತಾಳೆ. ಬದುಕಿರ್ತಾಳೆ, ಆದರೆ ನಿನ್ನ ಪಾಲಿಗೆ ಹೋಗ್ತಾಳೆ."

"ಬೇಡ ಕಣೇ..." ಎಂದಿತು ಅಕ್ಕನ ಬಾಯಿ. ಬೆರಳುಗಳು ಗರಗಸದ ಹಿಡಿಯನ್ನು ಮುಟ್ಟಿದ್ದವು.

"ಹೊಡಿ ಮಾಮ."

ಬಡಗಿ ಮಾಮ ಮೇಜನ್ನು ಅದೇ ಗೆರೆಯಲ್ಲಿ ಮತ್ತೆ ಕೊಯ್ದ. ಅಕ್ಕತಂಗಿಯರ ಕೂದಲನ್ನು ಮುದುಕಿಯೇ ಹೆಣೆದಳು. ಕಿಡಿಗೆ ಏಳು ವರ್ಷವಿದ್ದಾಗ ಅಕ್ಕ ಹೆಣೆಯುತ್ತಿದ್ದ ಹಾಗೆಯೇ, ಮೂರು ಎಳೆ. ಮೊದಲ ಮೊಳೆಗೆ ಹೊಟ್ಟೆಯೊಳಗಿನ ಕೆಂಡ ಆರಿತು. ಎರಡನೆಯದಕ್ಕೆ ಇನ್ನೇನೋ ಆರಿತು. ಏನು ಎಂದು ಕಿಡಿ ಹುಡುಕಿದಳು. ಎದುರಿಗೆ ಕೈಗೆ ಬಟ್ಟೆ ಸುತ್ತಿಕೊಂಡ ಒಬ್ಬ ಹೆಂಗಸು ಕೂತಿದ್ದಳು. ಪಾಪ, ಗಾಯವಾಗಿದೆ ಎನಿಸಿತು. ಅಷ್ಟೇ.

ಎರಡು ಅರ್ಧ ಒಂದೇ ಸೂರಿನಡಿ ಇರುವಂತಿರಲಿಲ್ಲ. ಅಕ್ಕ ಒಂದರ್ಧ ತಗೊಂಡುಹೋಗಿ ರಸ್ತೆಯಾಚೆ ಬೇರೆ ಅಂಗಡಿ ಹಾಕಿದಳು. ಮುದುಕಿ ಆ ವಾರವೇ ಅಳುತ್ತಲೇ ತೀರಿಕೊಂಡಳು.

ವರ್ಷ ಕಳೆಯಿತು. ಕಿಡಿಗೆ ಜ್ವರ ಬಂದು ಅಂಗಡಿಯ ಮೆಟ್ಟಿಲಲ್ಲಿ ಕುಸಿದಾಗ ಅಕ್ಕ ಪಕ್ಕದಲ್ಲೇ ನಡೆದು ಹೋದಳು, ಲೈಟುಕಂಬ ದಾಟುವ ಹಾಗೆ. ಕಿಡಿಗೆ ನೋವಾಗಲಿಲ್ಲ. ಗಿರಾಕಿಗಳು ಅವಳ ಹೊಸ ತಾಳ್ಮೆಯನ್ನು ಹೊಗಳಿದರು. ಅವಳು ದಿನವೂ ಮಧ್ಯಾಹ್ನ ಅರ್ಧ ಮೇಜಿನ ಮುಂದೆ ಇಕ್ಕಳ ಹಿಡಿದು ಕೂರುತ್ತಿದ್ದಳು. ಏನೋ ಕಳೆದಿದೆ ಎಂದು ತಲೆಗೆ ಗೊತ್ತಿತ್ತು. ಎದೆಗೆ ಗೊತ್ತಿರಲಿಲ್ಲ. ಕಿತ್ತರೆ ಸಿಟ್ಟು ತನ್ನ ಕೈಗೆ, ಗರಗಸ ಅಕ್ಕನ ಮೈಗೆ. ಇಕ್ಕಳವನ್ನು ಮತ್ತೆ ಡ್ರಾಯರಿಗೆ ಹಾಕುತ್ತಿದ್ದಳು.

ಒಂದು ಮಧ್ಯಾಹ್ನ ಡ್ರಾಯರು ಮುಚ್ಚುತ್ತಿದ್ದಾಗ ರಸ್ತೆಯಾಚೆಯಿಂದ ಆ ಸದ್ದು ಬಂತು.

ಕಿರ್ರ್...

ಕಿಡಿಯ ಎದೆ ಒಡೆಯಿತು. ಬಾಚಣಿಗೆ ನೆನಪಾಯಿತು. ಅಂಗೈಗಿಟ್ಟ ಬೀಗದಕೈಯ ತಂಪು ನೆನಪಾಯಿತು. ತಾನು ಕಚ್ಚಿದ ಕೈಯೇ ಮರುಗಳಿಗೆ ತಲೆ ಸವರುತ್ತಿದ್ದದ್ದು ನೆನಪಾಯಿತು. ಒಂದು ವರ್ಷದ ಅಳು ಒಂದೇ ಉಸಿರಿಗೆ ಬಂತು. ಅಕ್ಕ ಕಿತ್ತಿದ್ದಾಳೆ. ಅವಳಿಗೂ ತಡೆಯಲಾಗಲಿಲ್ಲ. ತಾನು ಕೀಳದ್ದನ್ನು ಅಕ್ಕ ಕಿತ್ತಿದ್ದಾಳೆ.

ಅಂಗಡಿಯ ಶಟರ್ ದಡದಡ ಇಳಿಯತೊಡಗಿತು. ಅದರ ಕೆಳಗಿನ ಬಿಸಿಲಿನಲ್ಲಿ ಕಿಡಿಗೆ ಕಂಡಿತು: ಅಕ್ಕ ರಸ್ತೆ ದಾಟಿ ಬರುತ್ತಿದ್ದಳು. ಮುಖದ ತುಂಬ ಕಣ್ಣೀರು, ತುಟಿಯಲ್ಲಿ ಆ ನಗು. ಕಲೆಗಟ್ಟಿದ ಎಡಗೈಯಲ್ಲಿ ಗರಗಸ.

ಇಳಿಯಲು ಬಿಟ್ಟಿದ್ದರೆ ಸಾಕಿತ್ತು. ಒಳಗಿನಿಂದ ಬೀಗ ಹಾಕಿಕೊಳ್ಳಬಹುದಿತ್ತು.

ಕಿಡಿ ಓಡಿಹೋಗಿ ಎರಡೂ ಕೈಯಿಂದ ಶಟರ್ ಮೇಲೆತ್ತಿ ಹಿಡಿದಳು.

"ಬಾ ಅಕ್ಕ," ಎಂದಳು. "ಎಷ್ಟು ಹೊತ್ತು ಮಾಡಿದೆ."