ಹದಗಣ್ಣು ಒರೆಸಿದ ಚುಕ್ಕೆ

ಕಡಲಗಾಳಿಗೆ ಮೆತ್ತಗಾಗಿದ್ದ ಮರುಬಳಕೆಯ ಹಾಳೆ ಯಂತ್ರದೊಳಗೆ ಹೋಯಿತು. ಆಚೆಯಿಂದ ಮುತ್ತು ಪೋಣಿಸಿದಂಥ ಅಕ್ಷರ ಹೊತ್ತು ಬಂತು. ಮಂಗಳೂರಿನ ಬಂದರು ಪಕ್ಕದ ಆ ಮುದ್ರಣಾಲಯದಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದರು. ಮಾಲೀಕ ಐವನ್ ಕುಟಿನ್ಹಾ ಮಾತ್ರ ಹುಬ್ಬು ಗಂಟಿಕ್ಕಿದ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ನಂಬಿಯೇ ಬದುಕಿದ ಆಸಾಮಿ ಅವನು.

ಅದು 2058ನೆಯ ಇಸವಿ. ಆ ಯಂತ್ರದಲ್ಲಿ ಅಕ್ಷರ ಮೂಡಿಸುವ ಟೋನರ್ ಎಂದರೆ ಮಸಿಯಲ್ಲ, ಹಿಟ್ಟಿನಂಥ ನುಣ್ಣನೆಯ ಪುಡಿ. ವಿದ್ಯುತ್ತಿನ ಆವೇಶದ, ಅಂದರೆ ಚಾರ್ಜಿನ, ಸೆಳೆತಕ್ಕೆ ಹಾರಿ ಕಾಗದದ ಮೇಲೆ ಕೂರುತ್ತದೆ, ಬಿಸಿ ಉರುಳೆಯಡಿ ಕರಗಿ ಅಂಟುತ್ತದೆ. ಕಾಗದ ತೇವವಾಗಿದ್ದರೆ ಆವೇಶ ಸೋರಿ ಅಕ್ಷರ ಮಸುಕಾಗುತ್ತದೆ. ಒರಟಾಗಿದ್ದರೆ ತಗ್ಗುಗಳಿಗೆ ಪುಡಿ ಇಳಿಯುವುದೇ ಇಲ್ಲ. ಅಲ್ಲಲ್ಲಿ ಚೆಲ್ಲಿದ ಪುಡಿ ಬೇಡದ ಚುಕ್ಕೆಗಳನ್ನೂ ಮೂಡಿಸುತ್ತದೆ. ಡಾ. ಸುಗಂಧಿ ಕಂಡುಹಿಡಿದು ಯಂತ್ರಕ್ಕೆ ಜೋಡಿಸಿದ ‘ಹದಗಣ್ಣು’ ಎಂಬ ಸಾಧನ ಪ್ರತಿ ಹಾಳೆಯ ಹದ ನೋಡಿ ಆವೇಶವನ್ನೂ ಶಾಖವನ್ನೂ ಹೊಂದಿಸುತ್ತಿತ್ತು. ಚೆಲ್ಲಿದ ಪುಡಿಯನ್ನು ಕರಗುವ ಮೊದಲೇ ಹೀರಿಬಿಡುತ್ತಿತ್ತು. ಅದು ಬಂದ ಮೇಲೆ ಶಾಲೆ, ಆಸ್ಪತ್ರೆಗಳಿಗೆಲ್ಲ ಅಗ್ಗದ ಕಾಗದದಲ್ಲೇ ಅಂದದ ಮುದ್ರಣ ಸಿಗತೊಡಗಿತ್ತು.

“ಎಂತ ಐವನಣ್ಣ, ಮುಖ ಊದಿಸ್ಕೊಂಡಿದ್ದೀರಿ?” ಯಂತ್ರದ ಪಕ್ಕ ನಿಂತಿದ್ದ ಸುಗಂಧಿ ನಕ್ಕಳು.

“ಇಂಥ ಹಾಳು ಕಾಗದದಲ್ಲಿ ಒಂದು ಕಲೆ ಸಹ ಇಲ್ಲ ಮಾರಾಯ್ರೆ. ನಂಗೆ ಹೆದರಿಕೆ ಆಗ್ತದೆ.”

“ಮೊಸರಲ್ಲಿ ಕಲ್ಲು ಹುಡುಕ್ಬೇಡಿ!”

ಐವನ್ ಹುಡುಕಿಯೇ ಹುಡುಕಿದ. ಹಾಳೆಯನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದ. ಮಕ್ಕಳ ವಾರ್ಡಿನಲ್ಲಿ ತೂಗುಹಾಕುವ, ಔಷಧದ ಪ್ರಮಾಣ ತಿಳಿಸುವ ಫಲಕ ಅದು. ಬೇಡದ ಚುಕ್ಕೆ ಒಂದೂ ಇಲ್ಲ, ಸರಿ. ಬೇಕಾದ ಚುಕ್ಕೆ? ಕಂಪ್ಯೂಟರಿನ ಪರದೆಯಲ್ಲಿ ಜ್ವರದ ಮದ್ದು 1.5 ಮಿಲಿಲೀಟರ್ ಎಂದಿತ್ತು. ಹಾಳೆಯಲ್ಲಿ 15 ಇತ್ತು.

ಸುಗಂಧಿ ಹಾಳೆ ಕಸಿದುಕೊಂಡು ನೋಡಿದಳು. “ತೇವಕ್ಕೆ ಚುಕ್ಕೆ ಮಸುಕಾಗಿದೆ. ಹದಗಣ್ಣು ಅದನ್ನು ಚೆಲ್ಲಿದ ಪುಡಿ ಅಂದ್ಕೊಂಡು ಒರೆಸಿಬಿಟ್ಟಿದೆ. ಅದಕ್ಕೆ ಕಾಗದ ಗೊತ್ತು ಐವನಣ್ಣ, ಬರಹ ಗೊತ್ತಿಲ್ಲ.”

ಅದೇ ಫಲಕದ ಒಂದು ಕಟ್ಟು ಬೆಳಿಗ್ಗೆಯೇ ವಾರ್ಡಿಗೆ ಹೋಗಿತ್ತು. ಐವನನ ಒಂದು ವರ್ಷದ ಮೊಮ್ಮಗಳು ಎಲ್ವಿಟಾ ಜ್ವರದಿಂದ ಅಲ್ಲೇ ಮಲಗಿದ್ದಳು! ಅವನು ಮಗುವಿನ ಪಕ್ಕದಲ್ಲಿದ್ದ ಮಗಳಿಗೆ ಫೋನು ಮಾಡಿದ.

“ಜೆಸಿಂತಾ, ಮಗುವಿಗೆ ಮದ್ದು ಕೊಟ್ರಾ?”

“ಈಗ ಕೊಡ್ತಾ ಇದ್ದಾರೆ ಪಪ್ಪಾ.”

“ನಿಲ್ಲಿಸು! ಫಲಕದಲ್ಲಿ ತಪ್ಪುಂಟು!”

ಆಚೆಯಿಂದ ನರ್ಸಿನ ದನಿ ಕೇಳಿಸಿತು: “ತಪ್ಪು ಹೇಗೆ ಆಗ್ತದೆ? ಇಷ್ಟು ಚಂದ ಪ್ರಿಂಟ್ ಉಂಟಲ್ಲ!”

ಏನೋ ಉರುಳಿದ ಸದ್ದು. “ಲೋಟ ಕಿತ್ಕೊಂಡೆ ಪಪ್ಪಾ,” ಎಂದಳು ಜೆಸಿಂತಾ, “ಒಂದು ಹನಿ ಸಹ ಕುಡಿಲಿಲ್ಲ ಅವಳು.” ಅವನು ಕಾಗದದ ಕಟ್ಟಿನ ಮೇಲೆ ಕುಸಿದು ಕುಳಿತು ಗಳಗಳನೆ ಅತ್ತುಬಿಟ್ಟ.

ಸುಗಂಧಿ ಹಳೆಯ ಫಲಕಗಳನ್ನೆಲ್ಲ ತರಿಸಿ ಸುಟ್ಟಳು, ಹದಗಣ್ಣನ್ನೂ ತಿದ್ದಿದಳು. ಸಂಶಯ ಬಂದ ಕಡೆ ಅದು ಇನ್ನು ಯಾವುದನ್ನೂ ಒರೆಸುವುದಿಲ್ಲ. ಕಲೆ ಇದ್ದರೆ ಕಲೆ, ಮಸುಕಾಗಿದ್ದರೆ ಮಸುಕು. ಹೊಸ ಫಲಕ ವಾರ್ಡಿಗೆ ಹೋದ ಮರುದಿನವೇ ಅದೇ ನರ್ಸ್ ಆ ಕಟ್ಟು ಹೊತ್ತು ಮುದ್ರಣಾಲಯಕ್ಕೆ ಬಂದಳು.

“ಇದೆಂತ ಐವನಣ್ಣ, ತುಂಬ ಚುಕ್ಕೆ! ಪ್ರತಿ ಸಾಲು ಎರಡೆರಡು ಸಲ ಓದ್ಬೇಕಾಗ್ತದೆ. ಮೊದಲಿನ ಹಾಗೆ ಚಂದ ಮಾಡಿ ಕೊಡಿ.”

“ಮೊದಲಿನದ್ದನ್ನು ನೀವು ಓದಿದ್ದಾ ಸಿಸ್ಟರ್, ಬರೀ ನಂಬಿದ್ದಾ?”

ಆಕೆ ಕಲೆಬಿದ್ದ ಕಟ್ಟನ್ನೇ ಎತ್ತಿಕೊಂಡು ವಾರ್ಡಿಗೆ ಹೊರಟಳು.