ಹತ್ತೇ ನಿಮಿಷದ ಸಿನಿಮಾ

"ಬಾಗಿಲು ತೆಗೀಬೇಡ ಕಣೇ! ಅವನು ಅಲ್ಲೇ ನಿಂತಿದಾನೆ!"

ಅಕ್ಕ ಮೊಬೈಲ್‌ಗೆ ಬುದ್ಧಿ ಹೇಳುತ್ತಿದ್ದಳು. ಮೊಬೈಲೊಳಗಿನ ಹುಡುಗಿಗೆ ಅದು ಕೇಳಿಸಬೇಕಲ್ಲ! ಅವಳು ಬಾಗಿಲು ತೆಗೆದೇಬಿಟ್ಟಳು. ಎದುರಿಗೆ ಬಿಳಿ ಮುಖವಾಡದವನು. ಕೈಯಲ್ಲಿ ಮೊಳದುದ್ದದ ಕತ್ತರಿ. ಕಚ್! ಕಚ್!

"ಅಮ್ಮಾ!"

ಕಿರುಚಿದ್ದು ಮೊಬೈಲಿನ ಹುಡುಗಿಯಲ್ಲ. ಮಂಚದ ಹಿಂದೆ ಬಗ್ಗಿ ಕದ್ದು ನೋಡುತ್ತಿದ್ದ ಚೂಟಿ. ಅವಳಿಗೆ ಬೇರೆ ಹೆಸರೂ ಇತ್ತು. ಆದರೆ ಹಾಜರಿ ಪುಸ್ತಕ ಬಿಟ್ಟರೆ ಅದು ಇನ್ಯಾರಿಗೂ ನೆನಪಿರಲಿಲ್ಲ.

ಅಕ್ಕ ಅವಳ ಕಿವಿ ಹಿಡಿದು ಹೊರಗೆಳೆದಳು. "ಇದು ದೊಡ್ಡವರ ಸಿನಿಮಾ. ನೀನಿನ್ನೂ ಐದನೇ ಕ್ಲಾಸು."

"ನೀನು ಒಂಬತ್ತು. ನೀನೇನು ಅಜ್ಜಿನಾ?" ಎಂದಳು ಚೂಟಿ. ಮಾತಿಗೆ ಮಾತು ಕೊಡುವುದರಲ್ಲಿ ಅವಳು ಯಾರಿಗೂ ಕಮ್ಮಿಯಿಲ್ಲ. "ಹೋಗ್ಲಿ, ಅವನಿಗ್ಯಾಕೆ ಅಷ್ಟು ಕೋಪ, ಅದನ್ನಾದ್ರೂ ಹೇಳು."

"ನಾಲ್ಕು ಜನ ಫ್ರೆಂಡ್ಸ್. ಕಾಲೇಜಿನ ಲ್ಯಾಬ್‌ಗೆ ಬೆಂಕಿ ಬೀಳಿಸ್ಬಿಟ್ರು. ಬೇಕು ಅಂತ ಅಲ್ಲ. ಆದ್ರೆ ಬಾಯಿ ಬಿಡ್ಲಿಲ್ಲ. ವಾಚ್‌ಮನ್‌ದೇ ತಪ್ಪು ಅಂತ ಅವನನ್ನ ಕೆಲಸದಿಂದ ತೆಗೆದ್ರು. ಈಗ ಯಾರಿಗೋ ಆ ಸೀಕ್ರೆಟ್ ಗೊತ್ತಾಗಿದೆ. ಸೇಡು ತೀರಿಸ್ಕೊಳ್ಳೋಕೆ ಒಬ್ಬೊಬ್ಬರನ್ನೇ ಹುಡುಕ್ಕೊಂಡು ಬರ್ತಿದಾನೆ."

"ಆಮೇಲೆ?"

"ಆಮೇಲೆ ನೀನು ಆಚೆ ಹೋಗ್ತೀಯ, ನಾನು ಬಾಗಿಲು ಹಾಕ್ಕೋತೀನಿ."

ಹಾಗೆ ಆ ಭಾನುವಾರ ಚೂಟಿಗೆ ಸಿಕ್ಕಿದ್ದು ಅರ್ಧ ಸಿನಿಮಾ. ಇನ್ನರ್ಧವನ್ನು ತಾನೇ ತೆಗೆಯುವುದೆಂದು ಅವಳು ತೀರ್ಮಾನಿಸಿದಳು. ಅಕ್ಕನ ಹಳೆಯ ಮೊಬೈಲಿನಲ್ಲಿ ಕ್ಯಾಮೆರಾ ಇನ್ನೂ ಕೆಲಸ ಮಾಡುತ್ತಿತ್ತು. ಮಹಡಿ ಮನೆಯ ಹುಡುಗ ಟೊಮ್ಯಾಟೊ ಮುಖವಾಡದವನ ಪಾತ್ರಕ್ಕೆ ತಕ್ಷಣ ಒಪ್ಪಿಕೊಂಡ. ಸ್ವಲ್ಪ ಹೆದರಿದರೂ, ಸ್ವಲ್ಪ ಸುಳ್ಳು ಹೇಳಿದರೂ ಅವನ ಕೆನ್ನೆ ಕೆಂಪಗಾಗುತ್ತಿತ್ತು. ಹಾಗಾಗಿ ಆ ಹೆಸರು.

ಸೋಮವಾರ ಸಂಜೆ ಅವನು ದೊಡ್ಡ ರಟ್ಟಿನ ಡಬ್ಬ ಎಳೆದುಕೊಂಡು ಬಂದ. ಮುಖವಾಡ ಮಾಡಬೇಕಲ್ಲ! ಶಾಲೆಯ ಕ್ರಾಫ್ಟ್ ಕತ್ತರಿ ಆ ರಟ್ಟನ್ನು ಕತ್ತರಿಸಲಿಲ್ಲ, ಹಲ್ಲಿಲ್ಲದ ಅಜ್ಜನ ಹಾಗೆ ಚೀಪಿತು.

ಇಬ್ಬರೂ ಒಟ್ಟಿಗೆ ಗೋಡೆ ನೋಡಿದರು.

ಗೋಡೆಯ ಮೊಳೆಯಲ್ಲಿ ಅಮ್ಮನ ದೊಡ್ಡ ಕತ್ತರಿ ನೇತಾಡುತ್ತಿತ್ತು. ಅಮ್ಮ ಟೈಲರ್. ಮುಂದಿನ ಕೋಣೆಯೇ ಅವಳ ಅಂಗಡಿ. ಎರಡು ಹೊಲಿಗೆ ಮೆಷಿನ್, ಒಂದು ಉದ್ದನೆ ಮೇಜು, ಒಂದು ಕತ್ತರಿ. ಆ ಕತ್ತರಿ ಬಟ್ಟೆ ಬಿಟ್ಟು ಬೇರೇನನ್ನೂ ಮುಟ್ಟಬಾರದು. ಕಾಗದ ಕತ್ತರಿಸಿದರೂ ಅಲಗು ಮೊಂಡು ಬೀಳುತ್ತದೆ. ಈ ಪಾಠ ಚೂಟಿಗೆ ಅಆಇಈಗಿಂತ ಮೊದಲೇ ಬಂದಿತ್ತು.

ಆದರೆ ಅಮ್ಮ ಹೊಲಿದ ಬಟ್ಟೆ ಕೊಡಲು ಹೋಗಿದ್ದಳು.

"ಒಂದೇ ಒಂದ್ಸಲ," ಎಂದಳು ಚೂಟಿ.

ಆಹಾ, ಏನು ಕತ್ತರಿ ಅದು! ಎರಡು ದಿನದ ಹಿಂದಷ್ಟೇ ಸಾಣೆ ತಾತನ ಹತ್ತಿರ ಸಾಣೆ ಹಿಡಿಸಿದ್ದು. ರಟ್ಟನ್ನು ಬೆಣ್ಣೆಯ ಹಾಗೆ ಸೀಳಿತು. ಟೊಮ್ಯಾಟೊ ಗಟ್ಟಿಯಾಗಿ ಹಿಡಿದುಕೊಂಡ, ಚೂಟಿ ಕತ್ತರಿಸಿದಳು. ಗುಂಡನೆ ಎರಡು ಕಣ್ಣು, ಗರಗಸದಂಥ ಬಾಯಿ. ಒಂದಂಚೂ ಹರಿಯಲಿಲ್ಲ. ಆಮೇಲೆ ಕತ್ತರಿಯನ್ನು ಒರೆಸಿ, ಇದ್ದ ಹಾಗೇ ಮೊಳೆಗೆ ನೇತುಹಾಕಿದಳು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಾಯಿತು.

ಮಂಗಳವಾರ ಶಾಲೆಯಿಂದ ಬಂದಾಗ ಅಮ್ಮ ಮೇಜಿನ ಮುಂದೆ ತಲೆ ಹಿಡಿದುಕೊಂಡು ಕೂತಿದ್ದಳು. ಎದುರಿಗೆ ನೀಲಿ ಸ್ಯಾಟಿನ್ ಬಟ್ಟೆ. ಸಂಗೀತದ ಮೇಡಂ ವೇದಿಕೆಗೆ ತೊಡುವ ಗೌನ್‌ಗೆಂದು ಕೊಟ್ಟಿದ್ದು. ಅದರ ಮಧ್ಯದಲ್ಲಿ ಬೆಕ್ಕು ಪರಚಿದ ಹಾಗೆ ಎಳೆ ಎದ್ದಿತ್ತು.

"ಕತ್ತರಿ ಕಚ್ಚಿ ಎಳೀತು ನೋಡು," ಎಂದಳು ಅಮ್ಮ. "ಸಾಣೆ ಹಿಡಿಸಿ ಮೂರು ದಿನ ಆಗಿಲ್ಲ! ಬರ್ಲಿ ಆ ಮುದುಕ, ಮಾಡ್ತೀನಿ."

ಟೊಮ್ಯಾಟೊ ಬಾಗಿಲಲ್ಲೇ ಕೆಂಪಗಾದ. "ನಂಗೆ ಜ್ವರ ಆಂಟಿ," ಎಂದು ಮೆಟ್ಟಿಲು ಹತ್ತಿ ಓಡಿದ.

ಸಾಣೆ ತಾತ ಬುಧವಾರ ಮತ್ತು ಶನಿವಾರ ಬರುತ್ತಿದ್ದ. ಟ್ರಿಣ್ ಟ್ರಿಣ್ ಎನ್ನುವ ಹಳೆಯ ಸೈಕಲ್, ಅದರ ಮೇಲೆ ಸಾಣೆಕಲ್ಲು. ಸೈಕಲ್ ನಿಲ್ಲಿಸಿ ಪೆಡಲ್ ತುಳಿದರೆ ಕಲ್ಲು ಗಿರ್ರನೆ ತಿರುಗುತ್ತಿತ್ತು, ಕಿಡಿ ಹಾರುತ್ತಿತ್ತು. ಬೀದಿಯ ಮಕ್ಕಳೆಲ್ಲ ಕಿಡಿ ನೋಡಲು ಸೇರುತ್ತಿದ್ದರು.

ಬುಧವಾರ ಸಂಜೆ ಕಿಡಿ ಹಾರಿದ್ದು ಅಮ್ಮನ ಬಾಯಿಂದ.

"ಏನ್ ಯಜಮಾನ್ರೇ, ಕಣ್ಣು ಮುಚ್ಕೊಂಡು ಸಾಣೆ ಹಿಡಿದ್ರಾ? ಕಸ್ಟಮರ್ ಬಟ್ಟೆ ಹಾಳಾಯ್ತು!"

ಅಮ್ಮನ ದನಿ ಎಂದರೆ ದನಿ. ಎದುರಿನ ಕ್ಷೌರದಂಗಡಿಯವನು ಬಾಚಣಿಗೆ ಹಿಡಿದೇ ಹೊರಗೆ ಬಂದ. ಮಾಂಸದಂಗಡಿಯವನು, ಹೋಟೆಲಿನ ಅಡುಗೆಯವನು ಕತ್ತು ಚಾಚಿದರು.

ತಾತ ಕತ್ತರಿ ತೆಗೆದುಕೊಂಡ. ಅಲಗಿನ ಮೇಲೆ ಹೆಬ್ಬೆರಳು ಆಡಿಸಿದ. ತಿರುಪಿನ ಸಂದಿಯನ್ನು ಉಫ್ ಎಂದು ಊದಿದ.

"ತಾಯಿ, ಇದು ರಟ್ಟು ಕತ್ತರಿಸಿದೆ," ಎಂದ.

ಪರದೆಯ ಹಿಂದೆ ನಿಂತಿದ್ದ ಚೂಟಿ ಇನ್ನೂ ಹಿಂದಕ್ಕೆ ಸರಿದಳು.

"ನನ್ನ ಮನೇಲಾ?" ಅಮ್ಮನ ದನಿ ಇನ್ನೂ ಏರಿತು. "ನನ್ನ ಮಕ್ಕಳ ಮೇಲೆ ಆಣೆ ಇಟ್ಟು ಹೇಳ್ತೀನಿ, ಆ ಕತ್ತರಿ ತಂಟೆಗೆ ಅವರು ಹೋಗಲ್ಲ. ತಪ್ಪು ಮಾಡೋದಲ್ದೆ ಸುಳ್ಳು ಬೇರೆ ಹೇಳ್ತೀರಾ?"

ತಾತ ಪರದೆಯ ಕಡೆಗೆ ಒಮ್ಮೆ ನೋಡಿದ. ಆಮೇಲೆ ಸೈಕಲ್ ತಳ್ಳಿಕೊಂಡು ಹೊರಟುಹೋದ.

"ಅವರಿಗೆ ಗೊತ್ತಾಗಿದೆ!" ಎಂದಳು ಚೂಟಿ, ಮೆಟ್ಟಿಲ ಕೆಳಗೆ ಕೂತು. "ನನ್ನನ್ನೇ ನೋಡಿದ್ರು ಕಣೋ."

"ಸಿನಿಮಾದವನ ಹತ್ರ ಒಂದೇ ಕತ್ತರಿ," ಎಂದ ಟೊಮ್ಯಾಟೊ. ಕೆನ್ನೆ ಕೆಂಡವಾಗಿತ್ತು. "ಇವರ ಬ್ಯಾಗಲ್ಲಿ ಇಪ್ಪತ್ತು ಚಾಕು ಇರುತ್ತೆ. ಸೇಡು ತೀರಿಸ್ಕೊಳ್ಳೋಕೆ ಬಂದ್ರೆ?"

"ಬರ್ಲಿ, ನಾನೇನೂ ಹೆದ್ರಲ್ಲ," ಎಂದಳು ಚೂಟಿ. ಹಾಗೆ ಹೇಳಿದವಳು ಗುರುವಾರ ಹಾಲಿನವನ ಸೈಕಲ್ ಬೆಲ್ ಕೇಳಿ ಮಂಚದ ಕೆಳಗೆ ನುಗ್ಗಿದ್ದು ಬೇರೆ ಮಾತು.

ಶುಕ್ರವಾರ ಅವಳು ಅಕ್ಕನ ಪಕ್ಕ ಹೋಗಿ ಕೂತಳು.

"ಅಕ್ಕಾ, ಆ ನಾಲ್ಕು ಜನ ಮೊದಲನೇ ದಿನಾನೇ ನಿಜ ಹೇಳಿದ್ರೆ ಏನಾಗ್ತಿತ್ತು?"

ಅಕ್ಕ ಗೊಳ್ಳೆಂದು ನಕ್ಕಳು. "ಏನಾಗುತ್ತೆ, ಹತ್ತೇ ನಿಮಿಷಕ್ಕೆ ಸಿನಿಮಾ ಮುಗಿದುಹೋಗುತ್ತೆ! ಎರಡು ಗಂಟೆ ಏನ್ ತೋರಿಸ್ತಾರೆ, ಪೆದ್ದಿ?"

ಚೂಟಿ ನಗಲಿಲ್ಲ.

ಶನಿವಾರ ಮಧ್ಯಾಹ್ನ ಟ್ರಿಣ್ ಟ್ರಿಣ್ ಸದ್ದಾಯಿತು. ಸದ್ದು ಹತ್ತಿರ ಬಂತು. ಮನೆಯ ಮುಂದೆಯೇ ನಿಂತಿತು. ಚೂಟಿ ಕಿಟಕಿಯ ಸಂದಿಯಲ್ಲಿ ನೋಡಿದಳು.

ತಾತ ಸೈಕಲ್‌ಗೆ ಸ್ಟ್ಯಾಂಡ್ ಹಾಕಲು ಬಗ್ಗಿದ. ಪಾಪ, ವರ್ಷಗಟ್ಟಲೆಯ ಅಭ್ಯಾಸ. ಆಮೇಲೆ ಏನೋ ನೆನಪಾದವನಂತೆ ನೆಟ್ಟಗಾದ. ಸೈಕಲ್ ತಳ್ಳಿಕೊಂಡು ಮುಂದೆ ಹೋದ. ಮಾಂಸದಂಗಡಿಯವನು ಬೇಡವೆಂದು ಕೈ ಆಡಿಸಿದ. ಕ್ಷೌರದಂಗಡಿಯವನು ಅವನನ್ನು ನೋಡದವನ ಹಾಗೆ ಕನ್ನಡಿ ಒರೆಸತೊಡಗಿದ. ಹೋಟೆಲಿನವನೂ ಕರೆಯಲಿಲ್ಲ. ಕಿಡಿಯೇ ಇಲ್ಲದ ಮೇಲೆ ಮಕ್ಕಳೂ ಸೇರಲಿಲ್ಲ. ಟ್ರಿಣ್ ಟ್ರಿಣ್ ಸದ್ದು ಬೀದಿಯ ತುದಿಯವರೆಗೆ ಸುಮ್ಮನೆ ಹೋಯಿತು.

ಇವನು ಸೇಡು ತೀರಿಸಿಕೊಳ್ಳುವವನಾ? ಚೂಟಿಗೆ ಅಳು ಬಂತು. ಅತ್ತುಕೊಂಡು ಕೂರುವ ಜಾತಿಯಲ್ಲ ಅವಳು. ಮಂಚದ ಕೆಳಗಿನಿಂದ ಮುಖವಾಡ ಎಳೆದು ತೆಗೆದಳು. ಸೀದಾ ಹೋಗಿ ಅಮ್ಮನ ಮೆಷಿನ್ ಮೇಲೆ ಇಟ್ಟಳು.

"ಇದನ್ನ ಕತ್ತರಿಸಿದ್ದು ಆ ಕತ್ತರೀಲೇ. ನಾನೇ."

ಮೆಷಿನ್ ನಿಂತಿತು.

"ಯಾವತ್ತು?"

"ಸೋಮವಾರ."

"ಅಂದ್ರೆ, ನಾನು ನಿನ್ನ ಮೇಲೆ ಆಣೆ ಇಡೋವಾಗ ನೀನು ಅಲ್ಲೇ ನಿಂತಿದ್ದೆ."

"ಹೂಂ."

ಅಮ್ಮ ಬೈಯಲಿಲ್ಲ. ಎರಡೇಟು ಹಾಕಿದ್ದರೂ ಚೂಟಿಗೆ ವಾಸಿಯೆನಿಸುತ್ತಿತ್ತು. ಅಮ್ಮ ಕುತ್ತಿಗೆಯ ಟೇಪು ತೆಗೆದಿಟ್ಟಳು. ಚಪ್ಪಲಿ ಮೆಟ್ಟಿದಳು. ಮೊಳೆಯಿಂದ ಕತ್ತರಿ ತೆಗೆದುಕೊಂಡು, "ಆ ಮುಖವಾಡ ತಗೊಂಡು ನಡಿ," ಎಂದಳು.

ಮೆಟ್ಟಿಲಿಂದ ದಡಬಡನೆ ಯಾರೋ ಇಳಿದರು. "ಆಂಟಿ, ರಟ್ಟು ಹಿಡ್ಕೊಂಡಿದ್ದು ನಾನು!" ಟೊಮ್ಯಾಟೊ ಕಿವಿಯವರೆಗೆ ಕೆಂಪಾಗಿದ್ದ. ಆದರೆ ಈ ಸಲ ಓಡಲಿಲ್ಲ, ಜೊತೆಗೆ ನಡೆದ.

ತಾತ ಬೀದಿಯ ತುದಿಯಲ್ಲಿ ಸಾಣೆಕಲ್ಲಿಗೆ ಬಟ್ಟೆ ಸುತ್ತಿ ಕಟ್ಟುತ್ತಿದ್ದ.

"ಯಜಮಾನ್ರೇ, ಒಂದ್ನಿಮಿಷ ನಿಲ್ಲಿ."

ಬುಧವಾರದ್ದೇ ದನಿ. ಅಷ್ಟೇ ಜೋರು. ಕ್ಷೌರದಂಗಡಿಯವನು ಮತ್ತೆ ಹೊರಗೆ ಬಂದ. ಮಾಂಸದಂಗಡಿಯವನೂ ಬಂದ. ಎಲ್ಲರಿಗೂ ಕೇಳಲಿ ಎಂದೇ ಅಮ್ಮ ಹಾಗೆ ಕೂಗಿದ್ದೆಂದು ಚೂಟಿಗೆ ಗೊತ್ತಾಯಿತು.

"ಅವತ್ತು ನಾನು ಆಡಿದ್ದು ತಪ್ಪು. ನಿಮ್ಮ ಸಾಣೆ ಸರಿಯಾಗೇ ಇತ್ತು. ರಟ್ಟು ಕತ್ತರಿಸಿದ್ದು ನಮ್ಮ ಮನೇಲೇ. ದಯವಿಟ್ಟು ಮನಸ್ಸಲ್ಲಿ ಇಟ್ಕೋಬೇಡಿ."

ಯಾರು ಕತ್ತರಿಸಿದ್ದೆಂದು ಅಮ್ಮ ಹೇಳಲಿಲ್ಲ. ತಲೆ ತಗ್ಗಿಸಿ ನಿಂತಳು. ಎಂಥ ಸಿಡುಕಿನ ಗಿರಾಕಿಯ ಮುಂದೂ ಅಮ್ಮ ಹಾಗೆ ನಿಂತದ್ದನ್ನು ಚೂಟಿ ನೋಡಿರಲಿಲ್ಲ.

"ಅಮ್ಮ ಅಲ್ಲ ತಾತ, ನಾನು! ನಿಮಗೆ ಗೊತ್ತಿತ್ತಲ್ಲ, ಅವತ್ತು ಪರದೆ ಕಡೆ ನೋಡಿದ್ರಲ್ಲ!"

"ಪರದೇನಾ?" ತಾತ ಕಣ್ಣು ಕಿರಿದು ಮಾಡಿದ. "ದೂರದ್ದು ನಂಗೆ ಕಾಣೋದೇ ಇಲ್ಲ ಮಗಾ. ನಿಮ್ಮನೇಲಿ ಪರದೆ ಬೇರೆ ಇದೆಯಾ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ! ಮೂರು ದಿನ ಮಂಚದ ಕೆಳಗೆ ನುಗ್ಗಿದ್ದೆಲ್ಲ ದಂಡ.

ಆದರೆ ತಾತ ನಗಲಿಲ್ಲ. ತನ್ನ ಹೆಬ್ಬೆರಳನ್ನೇ ನೋಡಿಕೊಂಡ. ಅದರ ತುಂಬ ಸಣ್ಣ ಸಣ್ಣ ಗೀರುಗಳಿದ್ದವು.

"ನಲವತ್ತು ವರ್ಷದಿಂದ ಈ ಕಲ್ಲು ತಿರುಗಿಸ್ತಿದೀನಿ," ಎಂದ. "ರಟ್ಟು ಅಂತ ಕೈ ಹೇಳ್ತು. ಆದ್ರೆ ಎಲ್ಲರೂ ಇಲ್ಲ ಅಂದಾಗ, ವಯಸ್ಸಾಯ್ತು, ಕೈಯೇ ಸುಳ್ಳು ಹೇಳ್ತಿದೆಯೇನೋ ಅನ್ನಿಸ್ಬಿಡ್ತು. ಇವತ್ತೇ ಕೊನೆ, ಇನ್ನು ಕಲ್ಲು ಮಾರಿಬಿಡೋಣ ಅಂತಿದ್ದೆ."

ಚೂಟಿ ಮುಖವಾಡವನ್ನು ಚಾಚಿದಳು. "ತಪ್ಪಾಯ್ತು ತಾತ," ಎಂದಳು.

ತಾತ ಅದನ್ನು ಮೂಗಿನ ಹತ್ತಿರ ತಂದು ನೋಡಿದ. ಗರಗಸದ ಬಾಯಿಯ ಸುತ್ತ ಬೆರಳು ಆಡಿಸಿದ. ಒಂದು ಕಣ್ಣಿನ ಸುತ್ತ, ಇನ್ನೊಂದು ಕಣ್ಣಿನ ಸುತ್ತ. ಅವನ ಮುಖ ನಿಧಾನಕ್ಕೆ ಅರಳಿತು.

"ಏ ಕ್ಷೌರದಪ್ಪಾ, ಬಾ ಇಲ್ಲಿ," ಎಂದು ಕೂಗಿದ. "ನೋಡು ಈ ಅಂಚು! ಎಲ್ಲಾದ್ರೂ ಒಂದು ಎಳೆ ಹರಿದಿದೆಯಾ? ಇಷ್ಟು ದಪ್ಪ ರಟ್ಟನ್ನ ಹೀಗೆ ಕತ್ತರಿಸ್ಬೇಕಾದ್ರೆ, ಆ ಕತ್ತರಿ ಎಷ್ಟು ಹರಿತ ಇದ್ದಿರಬೇಕು! ನನ್ನ ಸಾಣೆ ಅಂದ್ರೆ ಏನು ಅಂದ್ಕೊಂಡೆ?"

ಕ್ಷೌರದಂಗಡಿಯವನು ಮುಖವಾಡ ಹಿಡಿದು ನೋಡಿದ. ಮಾಂಸದಂಗಡಿಯವನಿಗೆ ಕೊಟ್ಟ. ಅವನೂ ನೋಡಿದ. ಇಬ್ಬರೂ ಒಳಗೆ ಹೋಗಿ, ಒಬ್ಬ ಎರಡು ಕತ್ತರಿ, ಇನ್ನೊಬ್ಬ ದೊಡ್ಡ ಚಾಕು ತಂದರು.

ತಾತ ಕಲ್ಲಿಗೆ ಸುತ್ತಿದ ಬಟ್ಟೆ ಬಿಚ್ಚಿದ. "ಮೊದಲು ಈ ತಾಯಿದು," ಎಂದ. "ಏ ಮುಖವಾಡ, ಆ ಬಾಟ್ಲಿ ತಗೊ. ಕಲ್ಲಿನ ಮೇಲೆ ನೀರು ಬಿಡು. ಹನಿ ಹನಿಯಾಗಿ. ಸುರೀಬೇಡ."

ಚೂಟಿ ಹನಿ ಹನಿಯಾಗಿ ಬಿಟ್ಟಳು.

ಮುಂದಿನ ಭಾನುವಾರ ಟೊಮ್ಯಾಟೊ ಸಿನಿಮಾದ ಗತಿಯೇನೆಂದು ಕೇಳಿದ. ಇಬ್ಬರೂ ಅದನ್ನು ಒಂದೇ ಮಧ್ಯಾಹ್ನದಲ್ಲಿ ಮುಗಿಸಿದರು. ಮುಖವಾಡದವನು ಬಾಗಿಲು ತಟ್ಟುವ ಮೊದಲೇ ಹುಡುಗಿ ಎಲ್ಲಾ ಹೇಳಿಬಿಡುತ್ತಾಳೆ, ಅವನಿಗೆ ಮಾಡಲು ಕೆಲಸವೇ ಇರುವುದಿಲ್ಲ. ಅದು ಬರೀ ಎಂಟು ನಿಮಿಷ ಓಡಿತು. ತೀರಾ ಬೋರು ಎಂದಳು ಅಕ್ಕ.

ಆಮೇಲೊಂದು ಬುಧವಾರ, ಶಾಲೆಗೆ ರಜೆ. ಅಕ್ಕ ಅದೇ ದೊಡ್ಡವರ ಸಿನಿಮಾವನ್ನು ಮತ್ತೆ ಹಾಕಿಕೊಂಡಿದ್ದಳು. ಚೂಟಿ ಪಕ್ಕದಲ್ಲೇ ಕೂತರೂ ಅಂದೇಕೋ ಕಿವಿ ಹಿಡಿದು ಎಳೆಯಲಿಲ್ಲ. ಮೊದಲಲ್ಲೇ ವಾಚ್‌ಮನ್ ಬಂದ. ಗೇಟಿನ ಬೀಗದ ಕೈ ಮೇಜಿನ ಮೇಲಿಟ್ಟು, ಟೋಪಿ ತೆಗೆದು ಹೊರಟುಹೋದ. ಅಷ್ಟೇ. ಆಮೇಲೆ ಬರೀ ಓಟ, ಕಿರುಚಾಟ.

"ಅಕ್ಕಾ, ಆ ವಾಚ್‌ಮನ್ ಆಮೇಲೆ ಏನಾದ?"

"ಯಾರು? ಅವನಾ? ಅದನ್ನೆಲ್ಲ ತೋರಿಸಲ್ಲ ಕಣೇ."

ಹೊರಗೆ ಟ್ರಿಣ್ ಟ್ರಿಣ್ ಎಂದಿತು. ಚೂಟಿ ಸಿನಿಮಾ ಬಿಟ್ಟು ಎದ್ದಳು.

ಅಮ್ಮ ಮೆಷಿನ್ ತುಳಿಯುತ್ತಿದ್ದಳು. ಆ ಶನಿವಾರದಿಂದ ಚೂಟಿ ಮೊಳೆಯ ಹತ್ತಿರವೂ ಸುಳಿದಿರಲಿಲ್ಲ. ಈಗಲೂ ಎರಡು ಹೆಜ್ಜೆ ದೂರದಲ್ಲೇ ನಿಂತಳು.

"ಅಮ್ಮಾ, ತಾತ ಬಂದಿದಾರೆ. ಕತ್ತರಿ ಕೊಡ್ತೀಯಾ?"

ಮೆಷಿನ್ ಒಂದು ಗಳಿಗೆ ನಿಂತಿತು. ಅಮ್ಮ ತಲೆಯೆತ್ತಲಿಲ್ಲ. ಸೂಜಿಗೆ ದಾರ ಪೋಣಿಸುತ್ತ ಹೇಳಿದಳು:

"ನೀನೇ ತಗೊಂಡು ಹೋಗು. ಎರಡೂ ಕೈಯಲ್ಲಿ ಹಿಡ್ಕೊ."

ಚೂಟಿ ಎರಡೂ ಕೈಯಲ್ಲಿ ಹಿಡಿದುಕೊಂಡಳು. ಕತ್ತರಿ ಆ ಸೋಮವಾರಕ್ಕಿಂತ ಭಾರವೆನಿಸಿತು. ಓಡದೆ, ಒಂದೊಂದೇ ಹೆಜ್ಜೆ ಇಟ್ಟು ಅವಳು ಬೀದಿಗಿಳಿದಳು.