ಸೌದೆ ವಾಪಸ್ ಸುರಿದ ಮನೆಯೊಡತಿ

"ಈ ಸಲ ನೀನು ಬರಲ್ಲ ಅಂದ್ಕೊಂಡಿದ್ದೆ!"

ಇಲೊಯಿಲೊ ಸೀಮೆಯ ಆ ಹಳ್ಳಿಯ ಪಂಚಾಯ್ತಿ ಬಾಗಿಲಲ್ಲೇ ಬಾಡಿಗೆದಾರ ತೆರ್ಯೊ ಎದುರಾದಾಗ ರೊಸೆಂಡಾಳ ಬಾಯಿಂದ ಮಾತು ಜಾರಿತು.

"ನೀವು ಬರೋ ಕಡೆ ನಾನು ಬರದೇ ಇರ್ತೀನಾ, ಇಂದಾಯ್?" ಹುಡುಗಿಯರನ್ನು ಅಕ್ಕರೆಯಿಂದ ಕರೆಯುವ ಮಾತಲ್ಲೇ ಅವನು ಕೇಳಿದ.

ಅವಳ ಎದೆ ಧಸಕ್ಕೆಂದಿತು. ಅವನು ತಪ್ಪಿಸಿಕೊಂಡಿದ್ದರೆ, ರಾಜಿ ಆಗಲಿಲ್ಲವೆಂದು ಊರಿನ ಮುಖ್ಯಸ್ಥೆ ಕಪಿತಾನಾ ಪತ್ರ ಬರೆದುಕೊಡುತ್ತಿದ್ದರು. ಆ ಪತ್ರವಿಲ್ಲದೆ ಕೋರ್ಟಿನ ಮೆಟ್ಟಿಲು ಹತ್ತುವಂತಿಲ್ಲ. ಹಾಗಿದ್ದೂ ಅವನನ್ನು ಕಂಡದ್ದೇ ಜೀವಕ್ಕೆ ಹಿತವೆನಿಸಿತಲ್ಲ... ಛೆ!

ಅವಳು ತೆರ್ಯೊಗೆ ಮನೆ ಬಾಡಿಗೆ ಕೊಟ್ಟ ಕರಾರು ಕೊಯ್ಲಿಗೇ ಮುಗಿದಿತ್ತು. ಅಪ್ಪ ಕಟ್ಟಿದ ಮನೆಯಿದ್ದೂ ಅವಳು ಚಿಕ್ಕಮ್ಮನ ಹಜಾರದ ಮೂಲೆಯಲ್ಲಿ ಮಲಗುತ್ತಿದ್ದಳು. ನೋಟೀಸು ಕೊಟ್ಟರೂ ಪಂಪು ರಿಪೇರಿ ಮಾಡುವ ತೆರ್ಯೊ ಅಲ್ಲಿಂದ ಕದಲಿರಲಿಲ್ಲ. ಬೀಗ ಜಡಿಯಲೇ ಎಂದು ಕೇಳಿದ್ದಕ್ಕೆ ವಕೀಲರು ಗದರಿದ್ದರು: "ಹಾಗ್ಮಾಡಿದ್ರೆ ನೀವೇ ಸಿಕ್ಕಿಬೀಳ್ತೀರಿ. ಇನ್ಮೇಲೆ ಅವನಿಂದ ಒಂದು ಕಡ್ಡೀನೂ ತಗೋಬೇಡಿ!"

"ಹೇಳಮ್ಮ," ಎಂದರು ಕಪಿತಾನಾ. ಪಂಚಾಯ್ತಿಯ ಹಿರಿಯರು ಬೆಂಚಿನ ಮೇಲೆ ಕಿವಿ ನಿಗುರಿಸಿದರು.

"ನನ್ನ ಕೇಸು ಕೆಡಿಸೋಕೆ ನೋಡ್ತಿದ್ದಾನೆ! ದಿನಾ ಬೆಳಿಗ್ಗೆ ಚಿಕ್ಕಮ್ಮನ ಬಾಗಿಲಲ್ಲಿ ಸೌದೆ ಸೀಳಿಟ್ಟು, ನೀರು ತುಂಬಿಸಿ ಹೋಗ್ತಾನೆ. ಬಾಡಿಗೆ ಬದಲಿಗೆ ಕೊಟ್ಟೆ ಅಂತ ನಾಳೆ ಕೋರ್ಟಲ್ಲಿ ಹೇಳೋಕೆ! ಅದಕ್ಕೇ ಎಲ್ಲಾ ಸೌದೆ ಅವನ ಅಂಗಳಕ್ಕೇ ವಾಪಸ್ ಸುರಿದೆ!"

ಬೆಂಚಿನ ಮೇಲಿದ್ದ ಹಲ್ಲಿಲ್ಲದ ಮುದುಕ ದಾದೊಯ್ ಕೇಕೆ ಹಾಕಿದ.

"ಅಯ್ಯೋ ಪೆದ್ದಿ! ನಿಮ್ಮಜ್ಜ ನಿಮ್ಮಜ್ಜಿ ಮನೇಲಿ ಎರಡು ವರ್ಷ ಸೌದೆ ಸೀಳಿದ್ದು ಬಾಡಿಗೆಗೇನೇ? ಹೆಣ್ಣು ಬಯಸೋ ಗಂಡು ಮಾಡೋ ಸೇವೆ ಕಣೇ ಅದು! ಈಗಿನ ಹುಡುಗೀರಿಗೆ ವಕೀಲ ಹೇಳಿದ್ದೇ ವೇದ."

ರೊಸೆಂಡಾಳ ಕಿವಿ ಬಿಸಿಯಾಯಿತು. 'ದೇವರೇ... ಎಷ್ಟು ಹೊರೆ ಸುರಿದುಬಿಟ್ಟೆ!'

"ಮತ್ತೆ... ಮನೆ ಯಾಕೆ ಬಿಡಲಿಲ್ಲ?" ಎಂದು ತೆರ್ಯೊನನ್ನು ಕೇಳಿದಳು.

"ಬಿಟ್ಟರೆ ನನ್ನ ಹತ್ರ ಮಾತಾಡೋಕೆ ನಿಮಗೇನಿತ್ತು? ಜಗಳಾನಾದ್ರೂ ಉಳೀಲಿ ಅಂತ..." ತೆರ್ಯೊ ತಲೆ ತಗ್ಗಿಸಿದ. "ತಪ್ಪು ನಂದೇ. ನಿಮ್ಮನೆ ನಿಮಗೆ. ಶನಿವಾರದೊಳಗೆ ಖಾಲಿ ಮಾಡ್ತೀನಿ. ಬರ್ಕೊಳ್ಳಿ, ಕಪಿತಾನಾ."

ಇಬ್ಬರೂ ಸಹಿ ಹಾಕಿದರು. ಗೆದ್ದಿದ್ದಳು. ಆದರೂ ಹೊರಗೆ ಬೈಕು ತಳ್ಳುತ್ತಿದ್ದವನ ಹಿಂದೆಯೇ ಓಡಿದಳು.

"ಎಲ್ಲಿಗೆ ಹೋಗ್ತೀಯ?"

"ಅಕ್ಕನ ಮನೆಗೆ."

"ಭಾನುವಾರ ಅಕ್ಕನ್ನ ಕರ್ಕೊಂಡು ಚಿಕ್ಕಮ್ಮನ ಮನೆಗೆ ಬಾ. ಹೆಣ್ಣು ಕೇಳೋಕೆ ಹಿರಿಯರು ಬೇಡ್ವಾ?"

ಬೈಕು ಅವನ ಕೈತಪ್ಪಿ ವಾಲಿತು.

"ಚಿಕ್ಕಮ್ಮ ಒಪ್ಪದಿದ್ರೆ?"

"ಮೊದಲು ನನ್ನನ್ನ ಕೇಳು."

"ರೊಸೆಂಡಾ... ನನ್ನ ಮದುವೆ ಆಗ್ತೀಯಾ?" ಬಹುವಚನ ಬಿಟ್ಟು ಕೇಳಿದ, ಮೊದಲ ಸಲ.

"ಹೂಂ," ಎಂದಳು.